ನಕುರುವಿನಲ್ಲಿ ರಾಜಹಂಸ ನೋಡಲು ಯಾವ ತಿಂಗಳು ಸರಿ?

ಪ್ರಶ್ನೆ: ಜುಲೈನಲ್ಲಿ ಮನೆಯವರೆಲ್ಲ ಕೀನ್ಯಾ ಸಫಾರಿಗೆ ಹೊರಟಿದ್ದೇವೆ. ನಕುರು ಸರೋವರದಲ್ಲಿ ಆಗ ರಾಜಹಂಸಗಳು ಇರುತ್ತವೆಯೇ? ಇಲ್ಲದಿದ್ದರೆ ಯಾವ ತಿಂಗಳು ಹೋಗಬೇಕು?

ಉತ್ತರ: ತಿಂಗಳ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ನೆನಪಿಡಿ: ಅಲ್ಲಿನ ರಾಜಹಂಸಗಳಿಗೆ ತಿಂಗಳ ಲೆಕ್ಕವಿಲ್ಲ.

ಅವು ತಿಂಗಳು ನೋಡಿ ಬರುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಲು ಕಾರಣವಿದೆ. ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ನೀರು ಇಳಿಯುವ ಹೊತ್ತಿಗೆ ಬಂದು ಮಳೆಗಾಲಕ್ಕೆ ಮುಂಚೆ ಹೊರಡುತ್ತವೆ. ಕೀನ್ಯಾದ ಮಸಾಯಿ ಮಾರಾ ಹುಲ್ಲುಗಾವಲಿಗೆ ಹಿಂಡುಹಿಂಡಾಗಿ ವಲಸೆ ಬರುವ ವೈಲ್ಡ್‌ಬೀಸ್ಟ್ ಎಂಬ ಪ್ರಾಣಿಗಳಿಗೂ ಒಂದು ಕಾಲವಿದೆ. ಹಾಗಾಗಿ ನಕುರುವಿಗೂ ಒಂದು ಕಾಲವಿರಬೇಕು ಎಂದು ಎಲ್ಲರೂ ಊಹಿಸುತ್ತಾರೆ. ಆದರೆ ನಕುರುವನ್ನು ಗುಲಾಬಿಯಾಗಿಸುತ್ತಿದ್ದುದು ಬಹುಪಾಲು ಕಿರು ರಾಜಹಂಸ ಎಂಬ ಚಿಕ್ಕ ಜಾತಿ. ಅದರ ಮುಖ್ಯ ಆಹಾರ ಸ್ಪಿರುಲಿನಾ ಎಂಬ ಸೂಕ್ಷ್ಮಜೀವಿ, ಅದು ಹುಲುಸಾಗಿ ಬೆಳೆಯುವುದು ಸವಳು ಕ್ಷಾರದ ನೀರಿನಲ್ಲಿ. ನಕುರುವಿನಿಂದ ಹೊರಗೆ ಹರಿಯುವ ನದಿಯಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹೆಚ್ಚು ಮಳೆ ಬಂದು ಕೆರೆ ತುಂಬಿದರೆ ಕ್ಷಾರ ತೆಳುವಾಗಿ ಸ್ಪಿರುಲಿನಾ ಕುಸಿಯುತ್ತದೆ. ಕೆರೆ ತೀರಾ ಬತ್ತಿದರೂ ಅದೇ ಗತಿ. ಊಟ ಮುಗಿಯಿತೆಂದರೆ ಹಕ್ಕಿಗಳು ರಾತ್ರೋರಾತ್ರಿ ಹಾರಿ ಇನ್ನೊಂದು ಕೆರೆ ಸೇರುತ್ತವೆ. ಜುಲೈ ಆಗಲಿ, ಜನವರಿ ಆಗಲಿ, ಅವುಗಳಿಗೆ ಬೇಕಾದದ್ದು ಊಟವಿರುವ ಕೆರೆ.

2010ರ ನಂತರ, ನಕುರು ಇರುವ ರಿಫ್ಟ್ ಕಣಿವೆಯ ಕೆರೆಗಳು ಉಕ್ಕಿದವು. ನಕುರುವಿನಲ್ಲಿ ದಡದ ಹಳದಿ ತೊಗಟೆಯ ಜಾಲಿಮರಗಳು ನೀರಿನಲ್ಲಿ ನಿಂತಲ್ಲೇ ಒಣಗಿದವು, ಉದ್ಯಾನದ ಮುಖ್ಯ ದ್ವಾರವೂ ಮುಳುಗಿತು. ನೀವು ನೋಡಿರುವ, ದಡದುದ್ದಕ್ಕೂ ಗುಲಾಬಿ ಹಾಸಿದಂತಿರುವ ಚಿತ್ರಗಳಲ್ಲಿ ಎಷ್ಟೋ ಅದಕ್ಕಿಂತ ಹಿಂದಿನವು. ಹಾಗೆಂದು ಹಕ್ಕಿಗಳು ನಾಶವಾದವು ಎಂದು ಬರೆಯಬೇಡಿ. ಅವು ಬೊಗೋರಿಯಾ ಕೆರೆಯಲ್ಲೋ ಎಲಮೆಂಟೈಟಾ ಕೆರೆಯಲ್ಲೋ ಗಡಿಯಾಚೆಯ ನಾಟ್ರಾನ್ ಕೆರೆಯಲ್ಲೋ ಇರುತ್ತವೆ. ಪೂರ್ವ ಆಫ್ರಿಕದ ಕಿರು ರಾಜಹಂಸಗಳು ನಿಯಮಿತವಾಗಿ ಮರಿ ಮಾಡುವುದು ತಾಂಜಾನಿಯಾದ ಆ ನಾಟ್ರಾನ್‌ನಲ್ಲಿ ಮಾತ್ರ. ಹೊರಡುವ ವಾರ ನಿಮ್ಮ ಚಾಲಕರನ್ನು ಕೇಳಿ, ಈಗ ಹಕ್ಕಿ ಯಾವ ಕೆರೆಯಲ್ಲಿದೆ ಎಂದು. ಬೊಗೋರಿಯಾಕ್ಕೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಹಕ್ಕಿ ಕಡಿಮೆಯಿದ್ದರೂ ದಡದಲ್ಲಿ ಕುದಿಯುವ ಬುಗ್ಗೆಗಳಿವೆ. ನಕುರುವಿಗೆ ಖಡ್ಗಮೃಗಗಳಿಗಾಗಿ ಹೋಗಿ, ಅಲ್ಲಿ ಕಪ್ಪು, ಬಿಳಿ ಎರಡೂ ಜಾತಿಯವು ಇವೆ.

ನೀವು ಕೇಳಲಿಲ್ಲ, ಆದರೂ ಹೇಳಬೇಕು. ಕೀನ್ಯಾದ ಉತ್ತರದ ಸಂಬುರು ಒಣ ಪ್ರದೇಶ, ಅಲ್ಲಿ ಏನಿದೆ ಎಂದು ಅದನ್ನು ಕೈಬಿಡುವವರೇ ಹೆಚ್ಚು. ಅಲ್ಲಿ ಗ್ರೇವಿ ಜೀಬ್ರಾ ಇದೆ: ಸಾಮಾನ್ಯ ಜೀಬ್ರಾಕ್ಕಿಂತ ದೊಡ್ಡದು, ಪಟ್ಟೆ ಸಪೂರ, ಹೊಟ್ಟೆ ಬಿಳಿ, ಕಿವಿ ಅಗಲ ಮತ್ತು ದುಂಡು. ಹಿಂಗಾಲಿನ ಮೇಲೆ ನೆಟ್ಟಗೆ ನಿಂತು ಮುಳ್ಳುಪೊದೆಯ ಎತ್ತರದ ಚಿಗುರು ತಿನ್ನುವ ಉದ್ದ ಕೊರಳಿನ, ಜಿಂಕೆಯಂಥ ಗೆರೆನುಕ್ ಇದೆ. ಬಲೆ ಹೆಣೆದಂಥ ಮೈಯ ಜಿರಾಫೆಯಿದೆ. ಇವು ಮಾರಾದಲ್ಲಾಗಲಿ ನಕುರುವಿನಲ್ಲಾಗಲಿ ಸಿಗುವುದಿಲ್ಲ. ತಿಂಗಳು ನೋಡಬೇಕಾದದ್ದು ಇಲ್ಲಿ. ಮಳೆ ಬಂದರೆ ಪ್ರಾಣಿಗಳು ಚದುರುತ್ತವೆ, ಒಣಗಾಲದಲ್ಲಿ ಎವಾಸೊ ನ್ಯಿರೊ ನದಿಯ ದಡಕ್ಕೆ ಬರುತ್ತವೆ. ಜುಲೈ ಒಣಗಾಲವೇ, ಎರಡು ರಾತ್ರಿ ಅಲ್ಲಿ ಉಳಿಯಿರಿ.