#8ಬಿ4513: ಇದರೊಳಗಿನ 45 ನಲವತ್ತೈದಲ್ಲ

ಭಾವನ ಕಾಫಿಪುಡಿ ಅಂಗಡಿಗೆ ಒಂದು ಪುಟದ ವೆಬ್‌ಸೈಟ್ ಮಾಡಲು ಕೂತಿದ್ದೆ, ಕಲಿತ ಹಾಗೂ ಆಯಿತು ಅಂತ. ಯಾವ ಬಣ್ಣ ಹಾಕಲಿ ಅಂದರೆ, "ಕಾಫಿ ಕಲರೇ ಇರಲಿ ಮಾರಾಯ" ಅಂದರು. ಸುಮ್ನೆ ಸಿಎಸ್‌ಎಸ್‌ನಲ್ಲಿ (ಪುಟದ ಬಣ್ಣ, ರೂಪ ಹೇಳುವ ಕೋಡ್) ಬ್ರೌನ್ ಎಂದು ಹೆಸರು ಬರೆದೆ. ಬಂದದ್ದು ಹೆಂಚಿನ ಬಣ್ಣ! ನೋಡಿದರೆ ಆ ಬ್ರೌನ್‌ನ ಅಳತೆ ಆರ್‌ಜಿಬಿ(165, 42, 42), ಅಂದರೆ ಕ್ರಮವಾಗಿ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ, ಒಂದೊಂದೂ 0ಯಿಂದ 255ರವರೆಗೆ. ಹಸಿರು, ನೀಲಿ ಎರಡೂ ಸಮ. ಅಂದರೆ ಅದು ಮಬ್ಬಾದ ಕೆಂಪು ಅಷ್ಟೇ.

ನಾವು ಕಂದು ಅನ್ನುವುದಕ್ಕೆ ಹತ್ತಿರ ಇರುವ ಹೆಸರು ಸ್ಯಾಡಲ್‌ಬ್ರೌನ್, ಕುದುರೆ ಜೀನಿನ ಚರ್ಮದ ಬಣ್ಣ. ಅದರ ಹೆಕ್ಸ್ ಕೋಡ್ #8ಬಿ4513. ಅದೇ ಮೂರು ಅಳತೆಗಳನ್ನು ಎರಡೆರಡು ಅಂಕಿಯ ಜೋಡಿಗಳಾಗಿ ಬರೆಯುವ ರೀತಿ ಇದು. (ಫೈಲಿನಲ್ಲಿ ಇಂಗ್ಲಿಷ್ ಅಕ್ಷರವೇ ಬೇಕು, ದೊಡ್ಡದಾದರೂ ಸರಿ ಚಿಕ್ಕದಾದರೂ ಸರಿ.)

ಈಗ ನಾನು ಎಡವಿದ ಜಾಗ. ಹೆಕ್ಸನ್ನು ಆರ್‌ಜಿಬಿಗೆ ಬದಲಿಸಬೇಕಿತ್ತು. 8ಬಿ-ಯಲ್ಲಿ ಅಕ್ಷರ ಇದೆ, ಹಾಗಾಗಿ ಹುಷಾರಾಗಿ ಲೆಕ್ಕ ಹಾಕಿ 139 ಅಂತ ಬರೆದೆ. ಮುಂದಿನ 45, 13 ನೋಡಲು ಮಾಮೂಲಿ ಸಂಖ್ಯೆಗಳ ಹಾಗೇ ಇವೆ ಅಲ್ವಾ, ಹಾಗೇ ಎತ್ತಿ ಇಟ್ಟುಬಿಟ್ಟೆ: ಆರ್‌ಜಿಬಿ(139, 45, 13). ಬಟನ್ ಮತ್ತೆ ಕೆಂಪಗಾಯಿತು. ಒಂದು ಗಂಟೆ ಸ್ಕ್ರೀನಿನ ಬ್ರೈಟ್‌ನೆಸ್ ಮೇಲೆ ತಪ್ಪು ಹೊರಿಸುತ್ತಾ ಕೂತೆ.

ತಲೆಗೆ ಹೋದದ್ದು ರೂಪಾಯಿ-ಆಣೆ ಲೆಕ್ಕದಿಂದ. 1957ಕ್ಕೆ ಮುಂಚೆ ರೂಪಾಯಿಗೆ 16 ಆಣೆ. ಹೆಕ್ಸ್ ಕೂಡ ಹದಿನಾರರ ಲೆಕ್ಕ. ಪ್ರತಿ ಜೋಡಿಯಲ್ಲೂ ಮೊದಲನೆಯದು ರೂಪಾಯಿ, ಎರಡನೆಯದು ಆಣೆ ಅಂದುಕೊಳ್ಳಿ. 45 ಎಂದರೆ 4 ರೂಪಾಯಿ 5 ಆಣೆ, ಎಲ್ಲ ಆಣೆ ಮಾಡಿದರೆ 64ಕ್ಕೆ 5 ಸೇರಿ 69. 13 ಎಂದರೆ 1 ರೂಪಾಯಿ 3 ಆಣೆ, ಅಂದರೆ 19. ಹತ್ತರಿಂದ ಹದಿನೈದರವರೆಗೆ ಒಂದೇ ಅಂಕಿಯಲ್ಲಿ ಬರೆಯಲು ಆಗುವುದಿಲ್ಲ, ಅದಕ್ಕೇ ಎ-ಯಿಂದ ಎಫ್ ವರೆಗಿನ ಅಕ್ಷರ. ಬಿ ಅಂದರೆ 11, ಹಾಗಾಗಿ 8ಬಿ 8 ರೂಪಾಯಿ 11 ಆಣೆ, 139. ಎಫ್‌ಎಫ್ 15 ರೂಪಾಯಿ 15 ಆಣೆ, 255. ಇನ್ನೊಂದೇ ಆಣೆ ಸೇರಿದರೂ 16 ರೂಪಾಯಿ ಆಗುತ್ತದೆ, ಅದನ್ನು ಎರಡು ಅಂಕಿಯಲ್ಲಿ ಬರೆಯಲು ಜಾಗ ಇಲ್ಲ. ಸರಿಯಾದ ಉತ್ತರ ಆರ್‌ಜಿಬಿ(139, 69, 19).

ಇಷ್ಟು ತಿಳಿದ ಮೇಲೂ ಮತ್ತೆ ಬಿದ್ದೆ. ಹಿಂದಿನ ಚಿತ್ರ ಸ್ವಲ್ಪ ಕಾಣಲಿ ಅಂತ ಬಣ್ಣವನ್ನು 80% ಮಾಡಲು ಕೊನೆಗೆ 80 ಅಂಟಿಸಿದೆ (ನಾಲ್ಕನೇ ಜೋಡಿ ಬಣ್ಣ ಎಷ್ಟು ದಟ್ಟ, ಎಷ್ಟು ಪಾರದರ್ಶಕ ಅಂತ ಹೇಳುತ್ತದೆ): #8ಬಿ451380. ಬಣ್ಣ ತೀರಾ ತೆಳುವಾಯಿತು. ಯಾಕೆಂದರೆ ಈ 80 ಕೂಡ 8 ರೂಪಾಯಿ 0 ಆಣೆ, 128, 255ರಲ್ಲಿ ಅರ್ಧ. ನಿಜವಾದ 80% ಬೇಕಾದರೆ 204, ಅಂದರೆ 12 ರೂಪಾಯಿ 12 ಆಣೆ, ಸಿಸಿ.

ಮೂರಂಕಿಯ ಕೋಡ್ ಸುಲಭ, ಪ್ರತಿ ಅಂಕಿಯನ್ನೂ ಎರಡು ಸಲ ಬರೆದರಾಯಿತು: #840 ಎಂದರೆ #884400.

ಬಣ್ಣ ಬರೆಯುವ ಇನ್ನೊಂದು ರೀತಿ ಎಚ್‌ಎಸ್‌ಎಲ್ ನನಗೆ ಜಾಸ್ತಿ ಇಷ್ಟ. ಇದರಲ್ಲಿ ಮೂರು ಸಂಖ್ಯೆ ಕ್ರಮವಾಗಿ ವರ್ಣ, ಅದರ ಗಾಢತೆ, ಬೆಳಕು. ಸ್ಯಾಡಲ್‌ಬ್ರೌನ್ ಇಲ್ಲಿ ಎಚ್‌ಎಸ್‌ಎಲ್(25, 76%, 31%). ಚಾಕೊಲೇಟ್ ಎಂಬ ಹೆಸರಿನ ಬಣ್ಣ (25, 75%, 47%). ವರ್ಣ ಒಂದೇ, ಬೆಳಕು ಮಾತ್ರ ಬೇರೆ! ಆ ಕೊನೆಯ ಸಂಖ್ಯೆಯನ್ನು 55%ಗೆ ಏರಿಸಿ ನೋಡಿ, ಕಿತ್ತಳೆ ಬರುತ್ತದೆ. ಕಂದು ಎಂದರೆ ಕಪ್ಪಿಟ್ಟ ಕಿತ್ತಳೆ ಅಂತ ನನಗೆ ಗೊತ್ತಾದದ್ದು ಹೀಗೆ. ಮೌಸ್ ಇಟ್ಟಾಗ ಬಟನ್ ಗಾಢವಾಗಲು 31ನ್ನು 24 ಮಾಡಿದೆ, ಉಳಿದದ್ದು ಮುಟ್ಟಲಿಲ್ಲ.

ಆದರೆ ಬಿಳಿ ಅಕ್ಷರ ಹಾಕುವಾಗ ಆ ಬೆಳಕೇ ಮುಖ್ಯ. ವೆಬ್‌ಪುಟ ಎಲ್ಲರಿಗೂ ಓದಲು ಆಗಲಿ ಅಂತ ಇರುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯ ಪ್ರಕಾರ ಮಾಮೂಲಿ ಅಕ್ಷರಕ್ಕೆ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಇರುವ ಬೆಳಕಿನ ಅನುಪಾತ) ಕನಿಷ್ಠ 4.5 ಇರಬೇಕು. ಸ್ಯಾಡಲ್‌ಬ್ರೌನ್ ಮೇಲೆ ಬಿಳಿಗೆ 7.1 ಸಿಗುತ್ತದೆ, ಚಾಕೊಲೇಟ್ ಮೇಲೆ ಬರೀ 3.6. ಹಾಗಾಗಿ ಬಟನ್‌ಗೆ ಸ್ಯಾಡಲ್‌ಬ್ರೌನ್. ಚಾಕೊಲೇಟ್ ಬಿಡಲು ಮನಸ್ಸಾಗದೆ ಅಂಗಡಿ ಹೆಸರಿನ ಪಟ್ಟಿಗೆ ಹಾಕಿದೆ, ದೊಡ್ಡ ಅಕ್ಷರಕ್ಕೆ 3 ಇದ್ದರೆ ಸಾಕು.