‘ನಿಮ್ಮ ಮ್ಯಾಲೆ ಬಿಟ್ಟೀನಿ, ವಕೀಲ್ರ’

“ವಕೀಲ್ರ, ನನಗ ಓದಾಕ ಬರಂಗಿಲ್ಲ. ಎಲ್ಲಾ ನಿಮ್ಮ ಮ್ಯಾಲೆ ಬಿಟ್ಟೀನಿ.”

ತವರಿನ ಹೊಲದಲ್ಲಿ ಪಾಲು ಕೇಳಲು ಬಂದಿದ್ದ ಅಜ್ಜಿ ಹೀಗೆ ಹೇಳುತ್ತಲೇ ಹೆಬ್ಬೆಟ್ಟನ್ನು ಇಂಕ್ ಪ್ಯಾಡಿಗೆ ಒತ್ತಿಬಿಟ್ಟಿದ್ದರು. ಮೇಜಿನ ಮೇಲಿದ್ದದ್ದು ವಕಾಲತ್ತು, ಅಂದರೆ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದ. ಅಚ್ಚು ಹಾಕಿದ ಫಾರಂ, ಮೇಲೊಂದು ವಕೀಲರ ಕಲ್ಯಾಣ ನಿಧಿಯ ಸ್ಟಾಂಪು, ನಡುವೆ ಖಾಲಿ ಜಾಗಗಳು. “ತಡಿಯವ್ವಾ, ಮೊದ್ಲ ಓದಿ ಹೇಳ್ತೀನಿ” ಎಂದೆ.

ಧಾರವಾಡದ ಕಡೆ ವಕೀಲಿ ಮಾಡುವ ನನಗೆ ಈ ಮಾತು ಹೊಸದಲ್ಲ. ಕಕ್ಷಿದಾರರು ದಿನಾ ಹೇಳುತ್ತಾರೆ. ಆದರೆ ನನ್ನ ಕಸುಬಿನ ಹೆಸರು ಎಲ್ಲಿಂದ ಬಂತು ಎಂದು ಹುಡುಕಿದ ಮೇಲೆ ಅದು ಬೇರೆ ಥರ ಕೇಳಿಸತೊಡಗಿತು. ಏಕೆಂದರೆ ಅಜ್ಜಿ ಹೇಳಿದ್ದು ‘ವಕೀಲ’ ಪದದ ಅರ್ಥವನ್ನೇ.

ವಾದ ಮಾಡುವವನು ವಕೀಲ ಎಂದು ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಪದದ ಬೇರಿನಲ್ಲಿ ವಾದವೂ ಇಲ್ಲ, ಕೋರ್ಟೂ ಇಲ್ಲ. ಅರಬ್ಬಿ ಭಾಷೆಯಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳ ಒಂದು ಬೇರಿನಿಂದ ಪದಗಳ ಒಂದು ಸಂಸಾರವೇ ಹುಟ್ಟುತ್ತದೆ. ಇಲ್ಲಿನ ಬೇರು ವ-ಕ-ಲ. ನಂಬಿ ಒಪ್ಪಿಸುವುದು, ಇನ್ನೊಬ್ಬರ ಮೇಲೆ ಬಿಡುವುದು ಎಂದರ್ಥ. ಯಾರ ಮೇಲೆ ಬಿಟ್ಟೆವೋ ಅವರು ವಕೀಲ್. ದೇವರ ಮೇಲೆ ಭಾರ ಹಾಕುವುದು ತವಕ್ಕುಲ್. ಅಲ್ಲಾಹನ 99 ಹೆಸರುಗಳಲ್ಲಿ ‘ಅಲ್-ವಕೀಲ್’ ಕೂಡ ಒಂದು.

ಹಳೆಯ ಕಾಲದ ವಕೀಲರಲ್ಲಿ ವ್ಯಾಪಾರದವರು ಬಹಳ. ಬಂದರುಗಳಲ್ಲಿ ‘ವಕೀಲ್ ಅಲ್-ತುಜ್ಜಾರ್’ ಅಂದರೆ ವರ್ತಕರ ವಕೀಲ ಇರುತ್ತಿದ್ದ. ದೂರದೂರಿನ ವ್ಯಾಪಾರಿಯ ಸರಕು ಇಳಿಸಿಕೊಳ್ಳುವುದು, ಮಾರುವುದು, ತಕರಾರು ಬಂದರೆ ಅವನ ಪರವಾಗಿ ನಿಲ್ಲುವುದು ಇವನ ಕೆಲಸ. 12ನೇ ಶತಮಾನದಲ್ಲಿ ಯೆಮನ್ನಿನ ಏಡನ್ ಬಂದರಿನಲ್ಲಿ ಇಂಥ ಹುದ್ದೆಯಲ್ಲಿದ್ದವನು ಮದ್ಮೂನ್ ಎಂಬ ಯೆಹೂದಿ. ಅವನು ನಮ್ಮ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಗೆ ಬರೆದ ಕಾಗದಗಳು ಕೈರೋದ ಹಳೆಯ ಯೆಹೂದಿ ಮಂದಿರದಲ್ಲಿ ಸಿಕ್ಕಿವೆ. ‘ವಕೀಲ’ ಪದ ಕನ್ನಡಕ್ಕೆ ಬಂದದ್ದು ಆಮೇಲೆ, ಪಾರಸಿ (ಪರ್ಷಿಯನ್) ಭಾಷೆಯ ಮೂಲಕ. ಆದರೆ ಒಬ್ಬ ವಕೀಲನ ಕಾಗದಗಳು ಆಗಲೇ ನಮ್ಮ ಕರಾವಳಿಗೆ ಬರುತ್ತಿದ್ದವು ಎನ್ನುವುದು ನನಗೆ ತುಂಬಾ ಖುಷಿ ಕೊಡುವ ಸಂಗತಿ.

ಪಾರಸಿಯ ಕೈಗೆ ಸಿಕ್ಕ ಮೇಲೆ ಪದದ ಸ್ಥಾನ ಏರಿತು. ಅಕ್ಬರನ ಎಳೆ ವಯಸ್ಸಿನಲ್ಲಿ ರಾಜ್ಯ ನಡೆಸಿದ ಬೈರಾಂ ಖಾನನ ಹುದ್ದೆ ವಕೀಲ. ಇರಾನಿನಲ್ಲಿ ಕರೀಂ ಖಾನ್ ಜಂದ್ ಎಂಬ ದೊರೆ ‘ಶಾ’ ಎಂಬ ಬಿರುದು ಬೇಡವೆಂದು ‘ಪ್ರಜೆಗಳ ವಕೀಲ’ ಎಂದು ಕರೆಸಿಕೊಂಡ. ಶಿರಾಜ್ ನಗರದಲ್ಲಿ ಅವನು ಕಟ್ಟಿಸಿದ ಬಜಾರಿಗೆ ಇವತ್ತಿಗೂ ವಕೀಲ್ ಬಜಾರ್ ಎಂದೇ ಹೆಸರು.

ಒಬ್ಬ ರಾಜನ ಪರವಾಗಿ ಇನ್ನೊಬ್ಬನ ಹತ್ತಿರ ಮಾತಾಡಲು ಹೋಗುವವನೂ ವಕೀಲನೇ. 1792ರಲ್ಲಿ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆ ಕೊಡಬೇಕಾಯಿತಲ್ಲ, ಆ ಹುಡುಗರನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಡೇರೆಗೆ ಕರೆದೊಯ್ದು ಒಪ್ಪಿಸಿದ್ದು ಟಿಪ್ಪುವಿನ ವಕೀಲ ಗುಲಾಂ ಅಲಿ. ಅದೇ ಕಾರ್ನ್‌ವಾಲಿಸ್ 1793ರಲ್ಲಿ ಬಂಗಾಳದ ಕಂಪನಿ ಕೋರ್ಟುಗಳಲ್ಲಿ ವಕೀಲರಿಗೆ ನಿಯಮ ಮಾಡಿದ. ಕೋರ್ಟಿಗೆ ಅಂಟಿಕೊಂಡ ನಮ್ಮ ಇಂದಿನ ಅರ್ಥ ಗಟ್ಟಿಯಾದದ್ದು ಆ ಕಾಲದಲ್ಲೇ.

ಬೇರೆ ಕಡೆ ಪದ ಬೇರೆ ದಾರಿ ಹಿಡಿಯಿತು. ಇಂಡೋನೇಷ್ಯಾದಲ್ಲಿ ‘ವಕಿಲ್ ಪ್ರೆಸಿಡೆನ್’ ಎಂದರೆ ಉಪರಾಷ್ಟ್ರಪತಿ. ತುರ್ಕಿಯಲ್ಲಿ ‘ಮಿಲ್ಲೆತ್‌ವೆಕಿಲಿ’ ಎಂದರೆ ಸಂಸದ, ಕೋರ್ಟಿನ ವಕೀಲನಿಗೆ ಅಲ್ಲಿ ಯುರೋಪಿನಿಂದ ತಂದ ‘ಅವುಕಾತ್’ ಇದೆ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಮಾತ್ರ ‘ವಕೀಲಿ’ ನಮ್ಮ ಹಾಗೇ ಲಾಯರ್. ಇನ್ನು ಅರಬ್ಬರೇ ಲಾಯರನ್ನು ಈಗ ‘ಮುಹಾಮಿ’ ಎನ್ನುತ್ತಾರೆ. ಅವರಿಗೆ ವಕೀಲ್ ಎಂದರೆ ಏಜೆಂಟ್.

ಹಳೆಯ ಅರ್ಥ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ಗೆಳೆಯರ ಮನೆಯ ನಿಕಾಹ್‌ಗೆ ಹೋಗಿದ್ದೆ. “ವಕೀಲರು ಎಲ್ಲಿ?” ಎಂದು ಯಾರೋ ಕೂಗಿದರು. ಎದ್ದು ಬಂದವರು ಮದುಮಗಳ ಸೋದರಮಾವ, ಕಿರಾಣಿ ಅಂಗಡಿಯವರು. ಇಬ್ಬರು ಸಾಕ್ಷಿಗಳ ಜೊತೆ ಒಳಗೆ ಹೋಗಿ, ಗಂಡಿನ ಹೆಸರು ಹೇಳಿ, ಗಂಡು ಹೆಣ್ಣಿಗೆ ಕೊಡುವ ಮೆಹರ್ ಎಷ್ಟೆಂದು ತಿಳಿಸಿ, “ಒಪ್ಪಿಗೆನಾ ಬೇಟಾ?” ಎಂದು ಕೇಳಿದರಂತೆ. ಅವಳ ಒಪ್ಪಿಗೆ ಹೊತ್ತುಕೊಂಡು ಹೊರಗೆ ಖಾಜಿಯವರ ಮುಂದೆ ಬಂದು ಕೂತರು. ಅವಳು ಹೇಳಿದ್ದಕ್ಕಿಂತ ಒಂದು ಮಾತು ಜಾಸ್ತಿ ಇಲ್ಲ, ಒಂದು ಮಾತು ಕಮ್ಮಿ ಇಲ್ಲ.

ನಮ್ಮ ಕಸುಬೂ ಇದೇ ಆಗಬೇಕು. 1961ರ ಕಾಯ್ದೆ ಬಂದ ಮೇಲೆ ನಾವೆಲ್ಲ ‘ಅಡ್ವೊಕೇಟ್’. ಆದರೂ ನಮಗೆ ಅಧಿಕಾರ ಕೊಡುವ ಕಾಗದಕ್ಕೆ ಹಳೆಯ ಹೆಸರೇ ಉಳಿದಿದೆ. ಕಸರತ್ತು, ತಾಕತ್ತು, ಮಸಲತ್ತುಗಳ ಸಾಲಿನಲ್ಲಿ ಕನ್ನಡದ ಉಕಾರ ಹಚ್ಚಿಕೊಂಡು ಕೂತಿರುವ ವಕಾಲತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಕಕ್ಷಿದಾರರು ಸಹಿ ಮಾಡಿದ ಬರಹ ಇಲ್ಲದೆ ನಾವು ಅವರ ಪರವಾಗಿ ಕೆಲಸ ನಡೆಸುವಂತಿಲ್ಲ. ಕೋರ್ಟಿನ ಅನುಮತಿ ಪಡೆದು ಅದನ್ನು ವಾಪಸು ಪಡೆಯುವ ಹಕ್ಕು ಅವರಿಗಿದೆ. ಕಕ್ಷಿದಾರರ ಸೂಚನೆ ಇಲ್ಲದೆ ವಕೀಲ ಅವರ ಹಕ್ಕು ಬಿಟ್ಟುಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇಷ್ಟಿದ್ದರೂ ಹೆಚ್ಚಿನವರು ಖಾಲಿ ಫಾರಂಗೆ ಸುಮ್ನೆ ಸಹಿ ಹಾಕಿ ಎದ್ದು ಹೋಗುತ್ತಾರೆ. ಇದು ನನಗೆ ನಿಜವಾಗಿ ನೋವಿನ ವಿಷಯ. ದಯವಿಟ್ಟು ಓದಿ, ಇಲ್ಲವೇ ಓದಿಸಿಕೊಳ್ಳಿ. ಅದರ ಸಣ್ಣ ಅಕ್ಷರಗಳಲ್ಲಿ ಹಣ ಪಡೆಯುವ, ದಾವೆ ಹಿಂತೆಗೆಯುವ, ರಾಜಿ ಮಾಡಿಕೊಳ್ಳುವ ಅಧಿಕಾರಗಳೆಲ್ಲ ಇರುತ್ತವೆ.

ಅಜ್ಜಿಗೆ ಒಂದೊಂದೇ ಸಾಲು ಓದಿ ಹೇಳಿದೆ. ರಾಜಿಯ ಸಾಲು ಬಂದಾಗ ಅವರು ಕೈ ಅಡ್ಡ ಹಿಡಿದರು. “ಅದೊಂದು ಬ್ಯಾಡ್ರಿ. ತಮ್ಮನ ಕೂಡ ರಾಜಿ ಆಗೂದಿದ್ರ ನಾನ ಬರ್ತೀನಿ.”

ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದೆ. ಅಷ್ಟರಲ್ಲಿ ಬೆರಳಿನ ಇಂಕು ಒಣಗಿತ್ತು. ಅಜ್ಜಿ ಇನ್ನೊಮ್ಮೆ ಪ್ಯಾಡಿಗೆ ಒತ್ತಿ, ಹೊಡೆದ ಸಾಲಿನ ಪಕ್ಕದಲ್ಲೊಂದು, ಕೆಳಗೊಂದು ಹೆಬ್ಬೆಟ್ಟು ಹಾಕಿದರು.