ಅಂಡಮಾನ್ ಆಫ್‌ಸೈಟ್: ಹೋಟೆಲ್ ಆಮೇಲೆ, ಮೊದಲು ಬೋಟ್

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಂಪನಿಯ 42 ಜನರನ್ನು ಆಫ್‌ಸೈಟ್‌ಗೆ, ಅಂದರೆ ಆಫೀಸಿನಾಚೆ ಮೀಟಿಂಗ್ ಮತ್ತು ಮೋಜಿಗೆ, ಅಂಡಮಾನ್‌ನ ಹ್ಯಾವ್‌ಲಾಕ್ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆ. ಡಿಸೆಂಬರ್ ತಿಂಗಳು. ಅಜೆಂಡಾ ನಾನೇ ಮಾಡಿದ್ದು, ಅದೂ ಗೋವಾದ ಹಳೇ ಫೈಲ್ ತೆಗೆದು ತಾರೀಖು ತಿದ್ದಿ. ಸಂಜೆ 5.30ರ ತನಕ ಮೀಟಿಂಗ್, ಆಮೇಲೆ ರಾಧಾನಗರ ಬೀಚ್‌ನಲ್ಲಿ ಸೂರ್ಯಾಸ್ತ, ವಾಲಿಬಾಲ್. ಮೀಟಿಂಗ್ ಮುಗಿಸಿ ಬಾಲ್ ಹಿಡಿದು ಹೊರಗೆ ಬಂದರೆ ಕತ್ತಲು! ಒಬ್ಬ ಹುಡುಗ ನನ್ನ ಮುಖ ನೋಡಿ, "ಸರ್, ಸನ್‌ಸೆಟ್ ನಾಳೆಗೆ ಪೋಸ್ಟ್‌ಪೋನ್ ಆಯ್ತಾ?" ಅಂದ.

ಲೆಕ್ಕ ಸುಲಭ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಒಂದು ಡಿಗ್ರಿಗೆ 4 ನಿಮಿಷ, ಆದರೆ ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಅಲ್ಲಿ ಎಲ್ಲವೂ ಒಂದು ಗಂಟೆ ಮುಂಚೆ. ಡಿಸೆಂಬರ್‌ನಲ್ಲಿ 5 ಗಂಟೆ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ, ಬೆಳಿಗ್ಗೆ ಆರಕ್ಕೇ ಒಳ್ಳೇ ಬೆಳಕು. ಈಗ ನಾನು ಬೆಳಿಗ್ಗೆ ಸಮುದ್ರಕ್ಕೆ ಬಿಡುತ್ತೇನೆ, ಬಿಸಿಲು ಏರಿದ ಮೇಲೆ 11ರಿಂದ 2ರ ತನಕ ಎಸಿ ಹಾಲ್‌ನಲ್ಲಿ ಕೂರಿಸುತ್ತೇನೆ, 3.30ಕ್ಕೆಲ್ಲ ಮತ್ತೆ ಬೀಚ್. ದಿನಕ್ಕೆ ಮೂರು ಗಂಟೆ ಮೀಟಿಂಗ್ ಸಾಲಲ್ಲ ಅನ್ನುವ ಬಾಸ್‌ಗಳಿದ್ದಾರೆ. ಹಾಗಾದರೆ ವೈಟ್‌ಫೀಲ್ಡ್‌ನಲ್ಲೇ ಮಾಡಬಹುದಿತ್ತಲ್ವಾ?

ಇನ್ನು ಬೋಟ್. ವಿಮಾನ ಇಳಿಯುವುದು ಪೋರ್ಟ್ ಬ್ಲೇರ್‌ನಲ್ಲಿ. 2024ರಿಂದ ಅದರ ಹೆಸರು ಶ್ರೀ ವಿಜಯ ಪುರಂ. ಹ್ಯಾವ್‌ಲಾಕ್ ಕೂಡ 2018ರಿಂದ ಸ್ವರಾಜ್ ದ್ವೀಪ. ಟಿಕೆಟ್‌ನಲ್ಲಿ ಯಾವ ಹೆಸರಿದ್ದರೂ ಗಾಬರಿಯಾಗಬೇಡಿ. ಎರಡರ ನಡುವೆ ಖಾಸಗಿ ಬೋಟ್‌ನಲ್ಲಿ ಒಂದೂವರೆ ಗಂಟೆ, ಸರ್ಕಾರಿ ಫೆರ್ರಿಯಲ್ಲಿ ಇನ್ನೂ ಜಾಸ್ತಿ. ಸೀಸನ್‌ನಲ್ಲಿ 40 ಸೀಟು ಒಂದೇ ಬೋಟ್‌ನಲ್ಲಿ ಸಿಗುವುದು ಕಷ್ಟ, ಅದಕ್ಕೇ ನಾನು ಮೊದಲು ಬೋಟ್ ಹಿಡಿದು ಆಮೇಲೆ ಹೋಟೆಲ್‌ಗೆ ಅಡ್ವಾನ್ಸ್ ಕೊಡುವುದು. ಜೆಟ್ಟಿಯಲ್ಲಿ ಎಲ್ಲರ ಗುರುತಿನ ಚೀಟಿ ನೋಡುತ್ತಾರೆ. ವಾಂತಿ ಮಾತ್ರೆಯನ್ನು ಬೋಟ್ ಅಲ್ಲಾಡಲು ಶುರುವಾದ ಮೇಲೆ ನುಂಗಿದರೆ ಉಪಯೋಗವಿಲ್ಲ, ಮುಂಚೆಯೇ ಕೊಡಿ.

ಗಾಳಿ ಎದ್ದರೆ ಬೋಟ್ ರದ್ದು. ಯಾರನ್ನು ಬೈದೂ ಪ್ರಯೋಜನವಿಲ್ಲ. ಒಮ್ಮೆ ಬೆಳಗಿನ ಬೋಟ್ ಹಿಡಿದು ಮಧ್ಯಾಹ್ನದ ವಿಮಾನ ಹತ್ತುವ ಪ್ಲಾನ್ ಮಾಡಿದ್ದೆವು, ಬೇಡ ಅಂತ ನಾನು ಹೇಳಿದ್ದೆ, ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಸಲು ಹಣಕಾಸಿನವರು ಹಟ ಹಿಡಿದರು, ಅವತ್ತೇ ಬೋಟ್ ನಿಂತಿತು. 28 ಜನರ ವಿಮಾನ ತಪ್ಪಿತು. ಹೊಸ ಟಿಕೆಟ್‌ಗೆ ಹೋದ ದುಡ್ಡಿನಲ್ಲಿ ಎರಡು ರಾತ್ರಿ ಇರಬಹುದಿತ್ತು. ಈಗ ಕೊನೇ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ, ಇದರಲ್ಲಿ ಚೌಕಾಸಿ ಇಲ್ಲ. ಆ ಸಂಜೆ ಸೆಲ್ಯುಲರ್ ಜೈಲು ನೋಡಬಹುದು. ಕಟ್ಟಿದಾಗ ಕೋಣೆಗಳ ಏಳು ಸಾಲು ಕಟ್ಟಡ ಇದ್ದವು, ಈಗ ಮೂರೇ ಉಳಿದಿವೆ. ಮೇ ಕೊನೆಯಿಂದ ನವೆಂಬರ್ ತನಕ ಮಳೆ, ಗಾಳಿ. ನನ್ನ ಆಯ್ಕೆ ಫೆಬ್ರವರಿ, ಮಾರ್ಚ್.

ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಸಮುದ್ರದಲ್ಲಿ ಮುಳುಗುವುದು, ಎಲ್ಲರಿಗೂ ಬೇಕು. ಮೊದಲ ಸಲದವರನ್ನು ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಇಳಿಸುತ್ತಾರೆ, ಈಜು ಬರದಿದ್ದರೂ ನಡೆಯುತ್ತದೆ. ಆದರೆ ಮುಳುಗಿ ಎದ್ದ ತಕ್ಷಣ ವಿಮಾನ ಹತ್ತುವಂತಿಲ್ಲ, ಮೈಯಲ್ಲಿ ಸೇರಿದ ನೈಟ್ರೋಜನ್ ಮೇಲೆ ಹೋದಾಗ ಗುಳ್ಳೆಯಾಗುತ್ತದೆ. ನಾನು 24 ಗಂಟೆ ಬಿಡುತ್ತೇನೆ. ಅಂದರೆ ಸ್ಕೂಬಾ ಎರಡನೇ ದಿನ, ಕೊನೇ ದಿನ ಅಲ್ಲ. ಇಳಿಯುವ ಮೊದಲು ಆರೋಗ್ಯದ ಫಾರ್ಮ್ ತುಂಬಬೇಕು: ಆಸ್ತಮಾ, ಹೃದಯ, ಬಸಿರು, ಎಲ್ಲ ಕೇಳುತ್ತಾರೆ. ಆ ಫಾರ್ಮ್ ಮ್ಯಾನೇಜರ್ ಕೈಗೆ ಹೋಗಬಾರದು. ಒಂದು ತಂಡದಲ್ಲಿ ಎಚ್‌ಆರ್ ಎಲ್ಲರ ಫಾರ್ಮ್ ಒಟ್ಟಿಗೆ ತರಿಸಿಕೊಂಡು ಟೇಬಲ್ ಮೇಲೆ ಹರಡಿಟ್ಟಿದ್ದರು. ಒಬ್ಬ ಹೆಣ್ಣುಮಗಳು ಮನೆಯವರಿಗೂ ಇನ್ನೂ ಹೇಳಿರದ ಸುದ್ದಿ ಆಫೀಸಿಗೆಲ್ಲ ಗೊತ್ತಾಯಿತು. ಈಗ ಅವರವರೇ ನೇರವಾಗಿ ಡೈವ್ ಅಂಗಡಿಗೆ ಕೊಡುತ್ತಾರೆ. "ನಾನು ಇಳಿಯಲ್ಲ" ಅಂದವರಿಗೆ ಯಾಕೆ ಅಂತ ಕೇಳುವುದಿಲ್ಲ.

ಇಂಟರ್ನೆಟ್‌ಗೆ 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದಿದೆ, ಆದರೂ ಪಿಪಿಟಿಯನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೇ ಬನ್ನಿ. ಹೋಟೆಲ್‌ನವರನ್ನು ಕೇಳಬೇಕಾದ್ದು ವೈಫೈ ಬಗ್ಗೆ ಅಲ್ಲ, ಜನರೇಟರ್ ಹಾಲ್‌ನ ಎಸಿಯನ್ನೂ ಎಳೆಯುತ್ತದಾ ಅಂತ.

ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿಗೆ ನಾನು ಒಂದು ಮಾತು ಹೇಳುತ್ತೇನೆ: ಬೀಚ್‌ನಲ್ಲಿ ಹೆಕ್ಕಿದ ಹವಳದ ಚೂರು ಇದ್ದರೆ ಈಗಲೇ ಬ್ಯಾಗಿನಿಂದ ತೆಗೆಯಿರಿ, ವನ್ಯಜೀವಿ ಕಾಯ್ದೆ ಇದೆ, ಏರ್‌ಪೋರ್ಟ್‌ನಲ್ಲಿ ಹಿಡಿಯುತ್ತಾರೆ. ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಒಬ್ಬೊಬ್ಬರೇ ರೂಮಿಗೆ ಎದ್ದು ಹೋಗುತ್ತಾರೆ.